ಕಬ್ಬಿಣ ತಾಗದ ಜಾಗ

ಕೊಣನೂರಿನಲ್ಲಿ ಲಕ್ಕಯ್ಯನ ಕಾರು ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಬಾಡಿಗೆಗೆ ಅದನ್ನೇ ಕರೆಯುತ್ತಾರೆ. ಲಕ್ಕಯ್ಯ ನಮ್ಮಪ್ಪ. ಅವನ ಕಾರಿನಲ್ಲಿ ಧಾರೆಗೆ ಹೊರಟವರು ಬೀಗರೂಟಕ್ಕೆ ತಲುಪುತ್ತಾರೆ ಎಂಬ ಮಾತು ಊರಲ್ಲಿ ಹಳೆಯದು. ಆದರೆ ಆಪರೇಷನ್ ಆದವರನ್ನು ಹಾಸನದಿಂದ ಕರೆತರಬೇಕಾದಾಗ, ಹಸುಗೂಸನ್ನು ಮನೆಗೆ ತರಬೇಕಾದಾಗ ನಗುತ್ತಿದ್ದ ಅದೇ ಜನ ಬೆಳಗಾಗುತ್ತಲೇ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಹೆದರುವ ಡ್ರೈವರು ಯಾರನ್ನೂ ಸಾಯಿಸುವುದಿಲ್ಲ ಅನ್ನುವುದು ಅವರ ನಂಬಿಕೆ. ನನಗೂ ಆ ನಂಬಿಕೆ ಇತ್ತು.

ಅಪ್ಪನಿಗೆ ಯಾವುದರ ಭಯ ಎಂದು ಕೇಳುವುದಕ್ಕಿಂತ ಯಾವುದರ ಭಯ ಇಲ್ಲ ಎಂದು ಕೇಳುವುದು ಸುಲಭ. ಎದುರಿಗೆ ಬರುವ ಬಸ್ಸಿನ ಭಯ, ಹಿಂದೆ ಬರುವ ಬೈಕಿನ ಭಯ, ಕಾವೇರಿ ಸೇತುವೆಯ ಮೇಲೆ ಬೀಸುವ ಗಾಳಿಯ ಭಯ. ಸುಗ್ಗಿಯಲ್ಲಂತೂ ಕೇಳಬೇಡಿ. ನಮ್ಮ ಕಡೆ ರೈತರು ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೇ ಹರವಿ, ಹೋಗಿಬರುವ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಆ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡರೆ ಬಿಸಿಗೆ ಬೆಂಕಿ ಹತ್ತುತ್ತದೆ ಎಂದು ಅಪ್ಪ ಪ್ರತಿ ಒಕ್ಕಣೆಯ ಮುಂದೆಯೂ ಕಾರು ನಿಲ್ಲಿಸಿ, ಕೈಯಿಂದ ಹುಲ್ಲು ಸರಿಸಿ ದಾರಿ ಮಾಡಿಕೊಂಡು ಹೋಗುವವನು. ಹಿಂದಿನವರು ಹಾರ್ನ್ ಬಾರಿಸಿ ಬೈಯುತ್ತಿದ್ದರೆ ನಾನು ಸೀಟಿನಲ್ಲಿ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದೆ. ಡಿಕ್ಕಿಯಲ್ಲಿ ಅವನದೊಂದು ಗೋಣಿಚೀಲ. ಅದರಲ್ಲಿ ಹಗ್ಗ, ಇಕ್ಕಳ, ಚಾಕು, ಹಳೆಯ ಸೈಕಲ್ ಟ್ಯೂಬಿನ ಚೂರುಗಳು, ನೀರಿನ ಕ್ಯಾನು, ಎಲ್ಲದರ ಮೇಲೆ ಒಂದು ನಿಂಬೆಹಣ್ಣು.

ಇಷ್ಟೆಲ್ಲ ಭಯಕ್ಕೆ ಅವನ ಬಳಿ ಇದ್ದ ಮದ್ದು ಒಂದೇ, ಕಟ್ಟುವುದು. ಹಸುವಿನ ಕೊರಳಿಗೆ ಕರಿದಾರ, ಪಂಪ್‌ಸೆಟ್ಟಿಗೆ ಕೆಂಪುದಾರ, ಹೊಸ್ತಿಲ ಮೇಲೆ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿ, ನನ್ನ ರಟ್ಟೆಗೆ ತಾಯತ. ಕಟ್ಟಿದರೆ ಸಾಲದು, ಬಿಗಿಯಾಗಿ ಕಟ್ಟಬೇಕು. ನಾನು ಹೈಸ್ಕೂಲು ಮುಗಿಸುವವರೆಗೂ ಕಟ್ಟಿಕೊಂಡಿದ್ದ ಆ ತಾಯತದ ದಾರ ಎಡ ರಟ್ಟೆಯ ಮೇಲೆ ಒಂದು ಬಿಳಿ ಗೆರೆ ಬಿಟ್ಟಿದೆ, ಈಗಲೂ ಹೋಗಿಲ್ಲ. ನೋಯುತ್ತದೆ ಎಂದು ಅತ್ತರೆ ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡೇ ಇನ್ನೊಂದು ಗಂಟು ಹಾಕುತ್ತಿದ್ದ.

ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ್ದ. ಇನ್ನೂ ಸರಿಯಾಗಿ ಮಾತು ಬರುವ ಮೊದಲೇ ಜ್ವರ ಬಂದು ಹೋದ. ಅವನ ಉಡಿದಾರ ಕಿತ್ತುಹೋಗಿತ್ತಂತೆ, ಹೊಸದು ಕಟ್ಟುವಷ್ಟರಲ್ಲಿ ಜ್ವರ ಏರಿತಂತೆ. ದಾರ ಗಟ್ಟಿಯಾಗಿದ್ದಿದ್ದರೆ ಮಗ ಉಳಿಯುತ್ತಿದ್ದ ಎಂದು ಅಪ್ಪ ನಂಬಿಬಿಟ್ಟಿದ್ದ. ಈ ಮಾತು ಬಂದಾಗಲೆಲ್ಲ ನಮ್ಮವ್ವ ಕಮಲಾಕ್ಷಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ನನ್ನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ನನ್ನ ಗಂಡ ಸಂಜಯ್ ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮೊದಲನೆಯ ಬಸಿರು ಐದನೇ ತಿಂಗಳಲ್ಲಿ ಹೋಯಿತು. ಏಕೆ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಅಪ್ಪ ಬಂದು ತಾಯತವಿಲ್ಲದ ನನ್ನ ರಟ್ಟೆಯನ್ನೇ ನೋಡಿದ. ಅವನು ಏನು ಅಂದುಕೊಂಡ ಎಂಬುದು ನನಗೆ ಗೊತ್ತಾಯಿತು. ಸಿಟ್ಟು ಬಂತು, ಅಳುವೂ ಬಂತು.

ಎರಡನೆಯ ಬಾರಿ ಏಳು ತುಂಬಿದ ಮೇಲೆ ತವರಿಗೆ ಕರೆತಂದರು. ಮಗು ತಲೆ ಮೇಲೆ ಮಾಡಿಕೊಂಡು ಕೂತಿದೆ ಎಂದು ಹಾಸನದ ಡಾಕ್ಟರಮ್ಮ ಸ್ಕ್ಯಾನಿಂಗ್‌ನಲ್ಲಿ ಕಂಡಿದ್ದರು. ಆಪರೇಷನ್ನಿಗೆ ದಿನ ಗೊತ್ತುಮಾಡಿ, ಅದಕ್ಕೂ ಮೊದಲು ನೋವು ಬಂದರೆ ಅಥವಾ ನೀರು ಹೋದರೆ ಎಲ್ಲೂ ತಡಮಾಡದೆ ನೇರ ತಮ್ಮಲ್ಲಿಗೇ ಬರಬೇಕೆಂದು ಎಚ್ಚರಿಸಿದ್ದರು. ಆ ಮಾತು ಕೇಳುವಾಗ ಅಪ್ಪನ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು.

ಮಾರನೆಯ ದಿನ ಅವನು ಹೊಳೆನರಸೀಪುರದ ಕಡೆ ಯಾವುದೋ ಬಾಡಿಗೆ ಇದೆ ಎಂದು ಹೋದ. ಅದರ ಮರುದಿನ ಮುಂಜಾನೆ ನಾನು ಹಲ್ಲುಜ್ಜಲು ಹೊರಗೆ ಬಂದರೆ, ಕಾರಿನ ಬಾನೆಟ್ ಎತ್ತಿ ಒಳಗೆ ಬಗ್ಗಿದ್ದ. ನನ್ನ ಸದ್ದಿಗೆ ಬೆಚ್ಚಿಬಿದ್ದು ಬಾನೆಟ್ ಮುಚ್ಚಿದ. ಬೆರಳೆಲ್ಲ ಅರಿಸಿನ.

"ಏನಪ್ಪಾ ಅದು?"

"ಏನಿಲ್ಲ ಕಣವ್ವ. ನೀರು ಕಮ್ಮಿಯಾಗಿತ್ತು, ಉಯ್ದೆ."

ರೇಡಿಯೇಟರಿಗೆ ಅರಿಸಿನದ ನೀರು ಹುಯ್ಯುವವರನ್ನು ನಾನು ಕಂಡಿರಲಿಲ್ಲ. ಏನೋ ಪೂಜೆ ಇರಬೇಕು, ಮಾಡಿಕೊಳ್ಳಲಿ ಎಂದು ಸುಮ್ಮನಾದೆ.

ಸದ್ದು ಶುರುವಾದದ್ದು ಕೆಲವು ವಾರಗಳ ಮೇಲೆ. ತಪಾಸಣೆಗೆಂದು ಹಾಸನಕ್ಕೆ ಹೋಗಿ ಬರುತ್ತಿದ್ದೆವು. ರಾಮನಾಥಪುರ ದಾಟುವಾಗ ಎಲ್ಲಿಂದಲೋ ಸ್ಸ್ ಎಂದು ಕೇಳಿಸಿತು. ಕುಕ್ಕರ್ ಕೂಗುವ ಮೊದಲು ಸಂದಿಯಿಂದ ಹಬೆ ನುಸುಳುತ್ತದಲ್ಲ, ಅಂಥ ಸದ್ದು. ಜೋರಿಲ್ಲ, ಆದರೆ ನಿಲ್ಲುವುದೂ ಇಲ್ಲ. ಹೆದರುವವರ ಮೇಲೆ ಹಾವು ಎಸೆದಂತಾಯಿತು. ಅಪ್ಪ ಕಾರನ್ನು ಪಕ್ಕಕ್ಕೆ ಹಾಕಿ, ಒಂದೊಂದು ಟೈರಿನ ಹತ್ತಿರವೂ ಮಂಡಿಯೂರಿ ಕಿವಿ ಇಟ್ಟ. ಗಾಳಿ ಇಳಿದಿರಲಿಲ್ಲ. ಏಸಿ ಆರಿಸಿದ, ಸದ್ದು ಹೋಗಲಿಲ್ಲ. ಕಿಟಕಿ ಏರಿಸಿದ, ಇಳಿಸಿದ, ಹೋಗಲಿಲ್ಲ. ಸೀಟಿನ ಅಡಿಗೆಲ್ಲ ಕೋಲು ಹಾಕಿ ತಡಕಿದ. ಹಿಂದೆ ಕೂತಿದ್ದ ಅವ್ವ ನನ್ನ ಕೈ ಹಿಡಿದುಕೊಂಡಳು.

ಮನೆಗೆ ಬಂದ ಮೇಲೆ ಅಂಗಳದಲ್ಲೇ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿದ. ಎಂಜಿನ್ ಆರಿಸಿದರೆ ಸದ್ದು ನಿಲ್ಲುತ್ತದೆ. ಚಾಲೂ ಮಾಡಿದರೆ ಬರುತ್ತದೆ. ಹಾಗಾದರೆ ಟೈರಿನದಲ್ಲ, ಎಂಜಿನ್ನಿನ ಕಡೆಯದು. ಅಷ್ಟು ತಿಳಿದು ಕೊಂಚ ಸಮಾಧಾನವಾಗುವ ಹೊತ್ತಿಗೆ ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಸ್ಸ್ ಅನ್ನುತ್ತಿದ್ದದ್ದು ಫುಸ್ಸ್ ಎಂದು ಏರಿತು. ಕಾಲು ತೆಗೆದ, ಇಳಿಯಿತು. ಮತ್ತೆ ತುಳಿದ, ಏರಿತು. ಜಗಲಿಯಲ್ಲಿ ಕೂತ ನನಗೂ ಅದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ನನ್ನ ಕಡೆ ತಿರುಗಿ ನೋಡಿದ. ಅವನ ಭಯಗಳನ್ನು ಹುಟ್ಟಿದಾಗಿನಿಂದ ಕಂಡು ನಗುತ್ತಾ ಬಂದವಳು ನಾನು. ಅವತ್ತು ನನಗೆ ನಗು ಬರಲಿಲ್ಲ.

ಮೆಕ್ಯಾನಿಕ್ ಮಂಚಯ್ಯನ ಷೆಡ್ಡು ಅರಕಲಗೂಡು ರಸ್ತೆಯಲ್ಲಿ, ನಮ್ಮ ಮನೆಗೆ ಕೂಗಳತೆ. ಒಬ್ಬಳೇ ಮನೆಯಲ್ಲಿದ್ದರೆ ಸದ್ದೇ ಕಿವಿಯಲ್ಲಿ ತುಂಬಿಕೊಳ್ಳುತ್ತದೆಂದು ನಾನೂ ನಡೆದು ಹೋಗಿ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮಂಚಯ್ಯ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು, ಏಸಿ ಪೈಪಿನ ಮೇಲೆ ಸೋಪಿನ ನೀರು ಬಿಟ್ಟ, ಗುಳ್ಳೆ ಏಳಲಿಲ್ಲ. ರೇಡಿಯೇಟರ್ ಮುಚ್ಚಳ ನೋಡಿದ. ಅದೇ ಇರಬೇಕೆಂದು ಹೊಸ ಮುಚ್ಚಳ ಹಾಕಿದ. ಸದ್ದು ಹಾಗೇ ಇತ್ತು. ಕೊನೆಗೆ ಒಂದು ಉದ್ದನೆಯ ಪೈಪಿನ ತುಂಡು ತಂದು, ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ ಸುತ್ತ ಆಡಿಸತೊಡಗಿದ. ಹಿಂದಿನ ಮೂಲೆಗೆ ಬಂದಾಗ ಅವನ ತಲೆ ತಟ್ಟನೆ ನಿಂತಿತು. ಪೈಪು ಬಿಟ್ಟು ಕೈ ಚಾಚಿದ.

ಅಪ್ಪ ಆ ಕೈಯನ್ನು ಗಪ್ಪನೆ ಹಿಡಿದುಕೊಂಡ.

"ಅದೊಂದು ಬುಟ್ಟು ಬ್ಯಾರೆ ಎಲ್ಲಾನೂ ನೋಡು ಮಂಚಣ್ಣ."

"ಯಾಕ್ ಲಕ್ಕಣ್ಣ? ಏನೈತೆ ಅಲ್ಲಿ?"

"ಅಲ್ಲಿಗೆ ಮಾತ್ರ ಕೈ ಆಕ್ಬೇಡ. ನನ್ ಮಗಳದು ಎರಿಗೆ ಆಗೋಗ್ಲಿ."

ಮಂಚಯ್ಯ ಬಗ್ಗಿ ನೋಡಿದ. ಒಂದು ಕರಿ ಪೈಪಿಗೆ ಅರಿಸಿನ ಬಳಿದ ಬಟ್ಟೆ ಸುತ್ತಿತ್ತು. ಅಷ್ಟೇ ಸಾಕಾಯಿತು ಅವನಿಗೆ. ನನ್ನ ಹೊಟ್ಟೆ ನೋಡಿದ, ಬಾಯಲ್ಲಿದ್ದ ಎಲೆಅಡಿಕೆ ಆಚೆ ಉಗುಳಿದ, ಚಪ್ಪಲಿ ಬಿಟ್ಟು ಕೈಮುಗಿದು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಬಿಚ್ಚಿ ನೋಡು ಎಂದು ಕಾರು ತಂದರೆ ಕೈಮುಗಿದು ನಿಂತಿದ್ದಾನಲ್ಲ!

"ಏನ್ ಮಂಚಣ್ಣ, ಸದ್ದು ಅಲ್ಲಿಂದ್ಲೇ ತಾನೇ ಬರ್ತಿರೋದು?" ಎಂದೆ.

"ಅಲ್ಲಿಂದ್ಲೇ ಬತ್ತಾ ಐತೆ ಕಣವ್ವ. ಎಂಜಿನ್ನು ಬ್ರೇಕಿಗೆ ಗಾಳಿ ಎಳ್ದು ಸಹಾಯ ಮಾಡ್ತದೆ, ಆ ಪೈಪು ಅದು. ಅದ್ರಲ್ಲೇನಾದ್ರೂ ತೂತು ಬಿದ್ದಿದ್ರೆ ಇವತ್ತು ಸದ್ದು ಮಾಡ್ತದೆ, ನಾಳೆ ಬ್ರೇಕು ಕಲ್ಲಾಗ್ಬುಡ್ತದೆ. ಎಷ್ಟು ತುಳುದ್ರೂ ಒಳಿಕ್ಕೆ ಓಗದಿಲ್ಲ." ಅಪ್ಪನ ಕಡೆ ತಿರುಗಿದ. "ದೇವ್ರ ಕೆಲ್ಸ, ನಾನು ಬಿಚ್ಚಕಿಲ್ಲ ಬುಡು. ಆದ್ರೆ ಮಗ ಆಗೋಗಂಟ ಗಾಡಿ ಆಚೆ ತಗೀಬೇಡ ಲಕ್ಕಣ್ಣ. ನಾನು ಏಳಿದೀನಿ."

ಅಪ್ಪ ತಲೆಯಾಡಿಸಿದ. ಕಾರು ತಂದು ಅಂಗಳದಲ್ಲಿ ನಿಲ್ಲಿಸಿ ಮೇಲೆ ತಾಡಪಾಲು ಹೊದಿಸಿದ. ಬಾಡಿಗೆ ಕೇಳಲು ಬಂದವರಿಗೆಲ್ಲ ಇಲ್ಲ ಎಂದ. ಆ ಬಟ್ಟೆಯೊಳಗೆ ಏನಿದೆ ಎಂದು ನಾನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬೇಕಾದರೆ ಪಕ್ಕದ ಮನೆಯ ರುದ್ರಯ್ಯನ ಕಾರಿದೆ, ಹಾಸನಕ್ಕೆ ಅದರಲ್ಲೇ ಹೋದರಾಯಿತು ಎಂದು ಮಾತಾಯಿತು. ನಾನೂ ನೆಮ್ಮದಿಯಾಗಿ ದಿನ ಕಾಯುತ್ತಾ ಕೂತೆ.

ಡಾಕ್ಟರಮ್ಮ ಹೇಳಿದ ದಿನ ಇನ್ನೂ ದೂರ ಇರುವಾಗಲೇ, ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಕೂತವಳಿಗೆ ಕಾಲೆಲ್ಲ ಒದ್ದೆಯಾಯಿತು. ನೀರು ಹೋಗಿತ್ತು. ಅವ್ವ ಒಂದು ಕ್ಷಣವೂ ಗಾಬರಿಯಾಗಲಿಲ್ಲ. ಬಟ್ಟೆಯ ಗಂಟು ಎತ್ತಿಕೊಂಡಳು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸಂಜಯ್‌ಗೆ ಫೋನ್ ಮಾಡಿ ನೇರ ಹಾಸನಕ್ಕೇ ಬನ್ನಿ ಎಂದಳು. ರುದ್ರಯ್ಯ ಕಾರು ಚಾಲೂ ಮಾಡಿ ಬಾಗಿಲ ಮುಂದೆ ತಂದೇ ನಿಲ್ಲಿಸಿದ.

ನಾನು ಅದರ ಬಾಗಿಲಿಗೆ ಕೈ ಹಾಕಿದ್ದೆ. ಅಪ್ಪ ಬಂದು ಅಡ್ಡ ನಿಂತ.

"ಬ್ಯಾಡ. ನಮ್ಮ ಕಾರಲ್ಲೇ ಓಗನ."

"ಅಪ್ಪಾ! ಮಂಚಣ್ಣ ಏನು ಹೇಳಿದ ಅಂತ ನೆನಪಿಲ್ವಾ?"

"ನೆಪ್ಪೈತೆ. ಉಸಾರಾಗಿ ಓಡುಸ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ ಕಣವ್ವ, ನಮ್ಮ ಕಾರಲ್ಲೇ ಬಾ." ಅವನು ನಿಜಕ್ಕೂ ಬಗ್ಗಿಬಿಟ್ಟ.

ರುದ್ರಯ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಎರಡು ಭಯಗಳ ನಡುವೆ ಅಪ್ಪ ಒಂದನ್ನು ಆರಿಸಿಕೊಂಡಿದ್ದ, ಅದು ಯಾವುದೆಂದು ಆಗ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೊದಲ ನೋವು ಸೊಂಟದಿಂದ ಎದ್ದು ಮೈಯೆಲ್ಲ ಹಿಂಡಿತು. ವಾದ ಮಾಡಲು ನನ್ನಲ್ಲಿ ಉಸಿರಿರಲಿಲ್ಲ. ಅವ್ವ ಅಪ್ಪನ ಮುಖವನ್ನೇ ನೋಡಿದಳು, ನನ್ನನ್ನು ಹಿಡಿದು ನಮ್ಮ ಕಾರಿನ ಹಿಂದಿನ ಸೀಟಿಗೆ ಹತ್ತಿಸಿದಳು. ಅವಳ ಮೇಲೂ ಸಿಟ್ಟು ಬಂತು.

ಎಂಜಿನ್ ಚಾಲೂ ಆಗುತ್ತಲೇ ಸದ್ದೂ ಬಂತು. ಈಗ ಅದು ನುಸುಳುವ ಸದ್ದಲ್ಲ, ಬಾಯ್ತೆರೆದ ಸದ್ದು. ಅಪ್ಪ ಎತ್ತಿನ ಗಾಡಿಯ ಹಾಗೆ ಓಡಿಸತೊಡಗಿದ. ನೋವು ಬಂದಾಗಲೆಲ್ಲ ನಾನು "ಜೋರಾಗಿ ಹೋಗಪ್ಪಾ" ಎಂದು ಕಿರುಚುತ್ತಿದ್ದೆ, ನೋವು ಇಳಿದಾಗ ಆ ಸದ್ದು ಕೇಳಿ "ನಿಧಾನ ಅಪ್ಪಾ" ಎಂದು ಅಳುತ್ತಿದ್ದೆ. ನಿಧಾನವಾದರೆ ಮಗು ಹೋಗುತ್ತದೆ, ಜೋರಾದರೆ ಎಲ್ಲರೂ ಹೋಗುತ್ತೇವೆ. ಒಳಗಿರುವುದು ಕಾಲು ಮುಂದೆ ಮಾಡಿಕೊಂಡಿದೆ, ಕಾಲು ಹೊರಬಂದು ತಲೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟು ಭಯ ನನ್ನ ಜೀವಮಾನದಲ್ಲಿ ಆಗಿರಲಿಲ್ಲ. ಆ ಕಾರಿನೊಳಗೆ ಮೂವರೂ ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ಕೂತಿದ್ದೆವು, ಉಸಿರಿಗಿಂತ ಜೋರಾಗಿ ಆ ಸದ್ದು ಇತ್ತು.

ಅರಕಲಗೂಡು ದಾಟಿತು. ಅಲ್ಲಿಯವರೆಗೆ ಬ್ರೇಕು ಬಿಗಿಯಾಗಿದ್ದರೂ ಹಿಡಿಯುತ್ತಿತ್ತು. ಅದರಾಚೆ ರಸ್ತೆ ಒಂದು ಕಡೆ ಇಳಿಜಾರಾಗಿ ಹಳ್ಳದ ಸೇತುವೆಗೆ ಹೋಗುತ್ತದೆ. ಆಗಲೇ ನನಗೆ ದೊಡ್ಡ ನೋವೊಂದು ಬಂತು, ನಾನು ಕೂಗಿದ ಕೂಗಿಗೆ ಅಪ್ಪನ ಕಾಲು ತನ್ನಷ್ಟಕ್ಕೆ ಆಕ್ಸಿಲರೇಟರ್ ಒತ್ತಿತು. ಕಾರು ಇಳಿಜಾರಿಗೆ ಮುನ್ನುಗ್ಗಿತು. ಅದೇ ಹೊತ್ತಿಗೆ ಬಲಗಡೆಯ ಹೊಲದ ದಾರಿಯಿಂದ ಜೋಳದ ತೆನೆ ತುಂಬಿದ ಟ್ರಾಕ್ಟರೊಂದು ನಿಧಾನವಾಗಿ ರಸ್ತೆಗೆ ಅಡ್ಡ ಬಂತು. ತೆನೆಯ ಮೇಲೆ ಹೆಂಗಸರು ಕೂತಿದ್ದರು.

ಅಪ್ಪ ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ. ಫುಸ್ಸ್ ಎಂದು ಸದ್ದು ಏರಿತು, ಅಷ್ಟೇ. "ಕಲ್ಲಾಗೋಯ್ತು, ಕಲ್ಲಾಗೋಯ್ತು" ಎಂದು ಕೂಗುತ್ತಾ ಸೀಟಿನಿಂದ ಮೇಲೆದ್ದು ಎರಡೂ ಕಾಲಿನಿಂದ ಒತ್ತಿದ. ಗೇರು ಇಳಿಸಿದ, ಎಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದ. ಟ್ರಾಕ್ಟರಿನ ಮೇಲಿನ ಹೆಂಗಸರ ಮುಖಗಳು ನನಗೆ ಒಂದೊಂದಾಗಿ ಕಂಡವು, ಅವರ ಬಾಯಿ ತೆರೆದಿತ್ತು. ಅವ್ವ ನನ್ನ ಹೊಟ್ಟೆಯ ಮೇಲೆ ತನ್ನ ಮೈಯನ್ನೇ ಹಾಕಿದಳು. ಕೊನೆಯ ಗಳಿಗೆಯಲ್ಲಿ ಅಪ್ಪ ಸ್ಟೇರಿಂಗನ್ನು ಎಡಕ್ಕೆ ಎಳೆದ. ರಸ್ತೆಯ ಪಕ್ಕದಲ್ಲಿ ಒಕ್ಕಣೆ ಮುಗಿಸಿ ರಾಗಿಹುಲ್ಲು ಗುಡ್ಡೆ ಹಾಕಿದ್ದರು. ಕಾರು ಹೋಗಿ ಅದರೊಳಗೆ ನುಗ್ಗಿ, ಹೂತುಕೊಂಡು ನಿಂತಿತು.

ಜೀವಮಾನವಿಡೀ ಯಾವ ಹುಲ್ಲಿಗೆ ಹೆದರಿ ಕಾರಿನಿಂದ ಇಳಿಯುತ್ತಿದ್ದನೋ ಅದೇ ಹುಲ್ಲಿನ ಮಧ್ಯೆ ಅಪ್ಪ ಎಂಜಿನ್ ಆರಿಸಿದ. ಸದ್ದು ನಿಂತಿತು. ಮರುಕ್ಷಣವೇ "ಬೆಂಕಿ ಅತ್ಕತದೆ, ಎಳೀರವ್ವ, ಉಲ್ಲು ಎಳೀರಿ" ಎಂದು ಕೂಗುತ್ತಾ ಇಳಿದ. ಟ್ರಾಕ್ಟರಿನ ಹೆಂಗಸರು ಓಡಿಬಂದು ಕಾರಿನ ಅಡಿಯಿಂದ ಹುಲ್ಲನ್ನು ಕೈತುಂಬ ಎಳೆದು ಹಾಕಿದರು. ಬೈಯುತ್ತಾ ಬಂದವರು ನನ್ನನ್ನು ನೋಡಿ ಬೈಗುಳ ನುಂಗಿಕೊಂಡರು. ಬೇರೆ ಗಾಡಿ ಸಿಗುತ್ತದೇನೋ ಎಂದು ಒಬ್ಬಾಕೆ ರಸ್ತೆಗೆ ಹೋಗಿ ನಿಂತಳು. ಬಂದದ್ದು ಒಂದು ಬಸ್ಸು, ಅದೂ ಹಾಸನದಿಂದ ಈ ಕಡೆಗೆ ಬರುವಂಥದ್ದು.

ಅಪ್ಪ ಬಾನೆಟ್ ಎತ್ತಿ ಅರಿಸಿನದ ಬಟ್ಟೆ ಕಿತ್ತ. ಬಾಗಿಲು ತೆರೆದು ಕಾಲು ಹೊರಗಿಟ್ಟು ಕೂತಿದ್ದ ನನಗೆ ಎಲ್ಲ ಕಾಣಿಸುತ್ತಿತ್ತು. ಬಟ್ಟೆಯೊಳಗೆ ಒಂದು ತಾಮ್ರದ ತಗಡು. ಅದರ ಮೇಲೆ ಚೌಕದ ಮನೆಗಳನ್ನು ಬರೆದು ಅಕ್ಷರ ಕೊರೆದ ಯಂತ್ರ. ಅದನ್ನು ತಾಮ್ರದ ತಂತಿಯಿಂದ ಆ ರಬ್ಬರ್ ಪೈಪಿಗೆ ಸುತ್ತಿ, ಇಕ್ಕಳದಲ್ಲಿ ತಿರುಚಿ ತಿರುಚಿ ಬಿಗಿದಿದ್ದ. ಎಂಜಿನ್ ಅದುರಿದಾಗಲೆಲ್ಲ ತಗಡಿನ ಅಂಚು ರಬ್ಬರನ್ನು ಕೊಯ್ಯುತ್ತಾ ಬಂದಿತ್ತು. ತಂತಿ ಬಿಚ್ಚಿದಾಗ ಪೈಪಿನಲ್ಲಿ ಬಾಯಿಯಂಥ ಸೀಳು ಕಂಡಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಪೈಪಿಗ್ಯಾಕಪ್ಪಾ ಕಟ್ಟಿದೆ? ಬೇರೆ ಜಾಗ ಇರ್ಲಿಲ್ವಾ?" ನಾನು ಕಿರುಚಿದೆ.

"ಒಳೆನರಸೀಪುರದಲ್ಲಿ ಯಂತ್ರ ಬರ್ಕೊಟ್ಟೋರು ಕಬ್ಣ ತಾಗ್‌ಬಾರ್ದು ಅಂದಿದ್ರು ಕಣವ್ವ. ಕಾರಲ್ಲಿ ಕಬ್ಣ ಇಲ್ದಿರೋ ಜಾಗ ಎಲ್ಲೈತೆ? ನೆಲಕ್ಕೆ ಬೀಳ್ಬಾರ್ದು ಅಂದಿದ್ರು, ಅದ್ಕೇ ಬಿಗಿಯಾಗಿ ಕಟ್ಟಿದ್ದು. ಎರಿಗೆ ಆಗೋಗಂಟ ಬಿಚ್ಬಾರ್ದು, ನೀನು ಅದಿರೋ ಗಾಡೀಲೇ ಓಗ್ಬೇಕು..."

ಮಾತು ಮುಗಿಯುವ ಮೊದಲೇ ಅವನ ಕೈಯಿಂದ ತಗಡು ಜಾರಿತು. ಎಂಜಿನ್ನಿನ ಕಬ್ಬಿಣಕ್ಕೆ ಬಡಿದು ಕೆಳಗೆ ಮಣ್ಣಿಗೆ ಬಿತ್ತು.

ಅಪ್ಪ ಅಲ್ಲೇ ಕುಸಿದು ಕೂತ. ಕಣ್ಣು ಆ ತಗಡಿನ ಮೇಲೇ ನೆಟ್ಟಿತ್ತು. ನಾನು ಕರೆದೆ, ಬೈದೆ, ಪೈಪು ಕಟ್ಟು ಎಂದು ಬೇಡಿಕೊಂಡೆ. ಅವನಿಗೆ ಕೇಳಿಸಲಿಲ್ಲ. ಅವನ ಮಟ್ಟಿಗೆ ನನ್ನ ಮಗು ಆಗಲೇ ಸತ್ತುಹೋಗಿತ್ತು. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಒಳಗೆ ಮಗು ಮಿಸುಕುತ್ತಿದೆಯೋ ಇಲ್ಲವೋ ಎಂದು ಹೊಟ್ಟೆ ಒತ್ತಿ ನೋಡಿಕೊಂಡೆ, ಗೊತ್ತಾಗಲಿಲ್ಲ.

ಆಗ ಅವ್ವ ಇಳಿದು ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅವನ ಉಡಿದಾರ ಕಿತ್ತೋಗಿರ್ಲಿಲ್ಲ" ಎಂದಳು.

ಅಪ್ಪ ತಲೆ ಎತ್ತಿದ. "ಏನಂದೆ?"

"ಮೊದ್ಲು ಜ್ವರ ಬಂದಿದ್ದು ಕಣ್ರೀ. ಮಗೀನ ಒಟ್ಟೆ ಊದ್ಕಂಡಿತ್ತು. ನೀವು ಬಿಗ್ದು ಕಟ್ಟಿದ್ದ ದಾರ ಸೊಂಟನೆಲ್ಲ ಕೊರೀತಿತ್ತು, ಮಗ ಕಿರುಚ್ತಿತ್ತು. ನೋಡಕ್ಕಾಗ್ದೆ ನಾನೇ ಕುಡ್ಲಲ್ಲಿ ಕೊಯ್ದಾಕ್ದೆ. ನೀವು ಒಲದಿಂದ ಬಂದು ದಾರ ಎಲ್ಲಿ ಅಂತ ಕೇಳುದ್ರಿ. ನಿಮ್ಮ ಮಕ ನೋಡಿ ಎದ್ರಿಕೆ ಆಯ್ತು. ಕಿತ್ತೋಯ್ತು ಅಂದ್ಬುಟ್ಟೆ."

ಹೆಂಗಸರು ಹುಲ್ಲು ಎಳೆಯುವುದನ್ನು ನಿಲ್ಲಿಸಿದ್ದರು. ಅವ್ವ ಅಳಲಿಲ್ಲ. ಅಡುಗೆಮನೆಗೆ ಎದ್ದುಹೋಗುತ್ತಿದ್ದ ಅವಳ ಬೆನ್ನು ನನಗೆ ನೆನಪಾಯಿತು. ಅಷ್ಟು ವರ್ಷ ಅವಳು ಅಪ್ಪನಿಗೆ ಹೆದರಿದ್ದಳು, ಅಪ್ಪ ದಾರಕ್ಕೆ ಹೆದರಿದ್ದ.

"ದಾರ ಓಗಿದ್ಕೆ ಮಗ ಓಗ್ಲಿಲ್ಲ. ದಾರ ಇದ್ದಾಗ್ಲೇ ಜ್ವರ ಬಂದಿತ್ತು. ಇನ್ನೇನ್ ಏಳ್ಬೇಕು ನಿಮ್ಗೆ? ಏಳಿ ಮ್ಯಾಕೆ" ಎಂದು ಅವ್ವ ಮಣ್ಣಿನಿಂದ ತಗಡು ಹೆಕ್ಕಿ ತನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಒಳಗಿದ್ದ ಅಡಕತ್ತರಿಗೆ ತಾಗಿ ಅದು ಟಣ್ ಎಂದಿತು. ಅಡಕತ್ತರಿ ಅಪ್ಪಟ ಕಬ್ಬಿಣ. ಆ ಸದ್ದು ಅಪ್ಪನಿಗೂ ಕೇಳಿಸಿತು.

ಅವನು ಬಹಳ ಹೊತ್ತು ಅವಳನ್ನೇ ನೋಡುತ್ತಾನೆ ಅಂದುಕೊಂಡೆ. ಹಾಗೆ ಮಾಡಲಿಲ್ಲ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಎದ್ದ.

"ಡಿಕ್ಕಿಯಿಂದ ಆ ಚೀಲ ತಕ್ಕಬಾ" ಎಂದ.

ಸೈಕಲ್ ಟ್ಯೂಬನ್ನು ಚಾಕುವಿನಿಂದ ಪಟ್ಟಿಯಾಗಿ ಕೊಯ್ದ. ಸೀಳಿನ ಮೇಲೆ ಎಳೆದೆಳೆದು ಸುತ್ತಿದ. ಕಟ್ಟಲು ಹಗ್ಗ ದಪ್ಪವಾಯಿತೆಂದು ಕಂಡು, ಯಂತ್ರಕ್ಕೆ ಸುತ್ತಿದ್ದ ಅದೇ ತಾಮ್ರದ ತಂತಿಯನ್ನು ಟ್ಯೂಬಿನ ಮೇಲೆ ಸುತ್ತಿ ಇಕ್ಕಳದಿಂದ ತಿರುಚಿದ. ಅಡಿಯಲ್ಲಿ ದಪ್ಪ ರಬ್ಬರ್ ಇತ್ತು, ಈಗ ಅದು ಕೊಯ್ಯುವಂತಿರಲಿಲ್ಲ. ಒಳಗೆ ಕೂತು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಚಾಲೂ ಮಾಡಿದ. ನಾವೆಲ್ಲ ಕಿವಿಗೊಟ್ಟೆವು. ಎಂಜಿನ್ನಿನ ಗುರುಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ. "ಪೆಡಲು ಕೆಳಕ್ಕೆ ಓಯ್ತು" ಎಂದು ಅಪ್ಪ ಕೂಗಿದ. ಹೆಂಗಸರು ಕಾರನ್ನು ಹುಲ್ಲಿನಿಂದ ಹಿಂದಕ್ಕೆ ನೂಕಿಕೊಟ್ಟರು.

ಅಲ್ಲಿಂದ ಹಾಸನದವರೆಗೂ ಅಪ್ಪ ಓಡಿಸಿದ ಹಾಗೆ ಅವನು ಹಿಂದೆ ಎಂದೂ ಓಡಿಸಿರಲಿಲ್ಲ, ಮುಂದೆಯೂ ಓಡಿಸಿಲ್ಲ. ಬಸ್ಸನ್ನು ಹಿಂದೆ ಹಾಕಿದ. ಭಯ ಹೋಗಿತ್ತು ಎಂದು ನಾನು ಹೇಳಲಾರೆ, ಕತ್ತಿನ ಹಿಂದೆ ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು, ತುಟಿ ಏನೋ ಜಪಿಸುತ್ತಲೇ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ ಸಂಜಯ್ ಸ್ಟ್ರೆಚರ್ ಹಿಡಿದು ನಿಂತಿದ್ದರು. ಅಷ್ಟು ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತ್ತಂತೆ. ಇನ್ನು ಕೊಂಚ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮಗಳು ಹುಟ್ಟಿ ಒಂದಿಷ್ಟು ಹೊತ್ತು ಅಳಲಿಲ್ಲ, ಆಮೇಲೆ ಅತ್ತಳು. ಆ ಅಳು ಕೇಳಿ ಅಪ್ಪ ವರಾಂಡದ ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದನಂತೆ.

ಅವನ ಮೇಲಿನ ಸಿಟ್ಟು ನನಗೆ ಬೇಗ ಇಳಿಯಲಿಲ್ಲ. ರುದ್ರಯ್ಯನ ಕಾರಿನಲ್ಲಿ ಕೂರಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅದನ್ನು ಅವನ ಮುಖಕ್ಕೇ ಹೇಳಿದೆ. "ಊಂ ಕಣವ್ವ" ಎಂದ, ಅಷ್ಟೇ. ಮಂಚಯ್ಯ ಹೊಸ ಪೈಪು ಹಾಕಿಕೊಟ್ಟ. ಅಪ್ಪ ಈಗಲೂ ಒಕ್ಕಣೆ ಕಂಡರೆ ಕಾರು ನಿಲ್ಲಿಸುತ್ತಾನೆ, ಈಗಲೂ ಹೊರಡುವ ಮೊದಲು ಬಾನೆಟ್ ಎತ್ತಿ ಕಿವಿ ಕೊಡುತ್ತಾನೆ. ಜನ ಈಗಲೂ ನಗುತ್ತಾರೆ.

ಮಗುವಿಗೆ ಉಡಿದಾರ ಕಟ್ಟುವ ದಿನ ಬಂತು. ನಮ್ಮ ಮನೆಯಲ್ಲಿ ಕಟ್ಟುವ ಕೆಲಸವೆಲ್ಲ ಅಪ್ಪನದು, ಹಾಗಾಗಿ ಕರಿದಾರದ ತಟ್ಟೆಯನ್ನು ಅವನ ಮುಂದೆ ಇಟ್ಟರು. ನಾನು ಮಗುವನ್ನು ಮಡಿಲಲ್ಲಿ ಹಿಡಿದು, ನನ್ನ ರಟ್ಟೆಯ ಬಿಳಿ ಗೆರೆ ನೆನೆಸಿಕೊಂಡು, ಒಂದು ಮಾತು ಆಡಿಯೇಬಿಡುವುದೆಂದು ಬಾಯಿ ತೆರೆದಿದ್ದೆ. ಅಪ್ಪ ದಾರವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಬೆರಳಲ್ಲಿ ಸುತ್ತಿದ, ಬಿಚ್ಚಿದ. ಆಮೇಲೆ ಅದನ್ನು ಅವ್ವನ ಕೈಗೆ ಕೊಟ್ಟ.

"ನೀನೇ ಕಟ್ಟು ಕಮಲಾಕ್ಷಿ."

ಅವ್ವ ಅವನ ಮುಖ ನೋಡಿ, ಬಗ್ಗಿ ಮಗುವಿನ ಸೊಂಟಕ್ಕೆ ದಾರ ಸುತ್ತಿದಳು. ಗಂಟು ಹಾಕುವ ಮೊದಲು ಅಪ್ಪ ತನ್ನ ಬೆರಳನ್ನು ದಾರಕ್ಕೂ ಮಗುವಿನ ಹೊಟ್ಟೆಗೂ ನಡುವೆ ತೂರಿಸಿದ. ಮಗು ಕಾಲು ಝಾಡಿಸಿತು. ಅವನು ಬೆರಳು ತೆಗೆಯಲಿಲ್ಲ.

"ಇನ್ನೊಂಚೂರು ಸಡ್ಲ ಬುಡು" ಎಂದ.